ಮೊದಲು ಚಕ್ರ, ಆಮೇಲೆ ಚಾಸಿ

ಹಾಟ್ ರಾಡ್ ಕಟ್ಟುತ್ತಿದ್ದೇನೆ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ: ಇಂಜಿನ್ ಯಾವುದು? ಕಾಲೇಜಿನ ಸ್ಟಾಫ್ ರೂಮಿನಲ್ಲೂ ಅದೇ ಪ್ರಶ್ನೆ, ಮದುವೆ ಮನೆಯ ಪಂಕ್ತಿಯಲ್ಲೂ ಅದೇ ಪ್ರಶ್ನೆ. ಆಕ್ಸಲ್ (ಎರಡು ಚಕ್ರಗಳ ನಡುವಿನ ಅಡ್ಡತೊಲೆ) ಎಲ್ಲಿ ಕೂರುತ್ತೆ, ಸ್ಪ್ರಿಂಗ್ ಯಾವುದು, ಚಾಸಿಗೆ (ಗಾಡಿಯನ್ನೆಲ್ಲ ಹೊರುವ ಚೌಕಟ್ಟಿಗೆ) ಯಾವ ಕಬ್ಬಿಣ ಅಂತ ಕೇಳಿದವರು ಒಬ್ಬರೇ. ಅವರು ನಮ್ಮ ಚಿಕ್ಕಪ್ಪ. ಮಂಡ್ಯದ ಹೊರವಲಯದಲ್ಲಿ ಅವರದ್ದೊಂದು ಶೆಡ್ ಇದೆ. ಕಬ್ಬು ಹೊರುವ ಟ್ರ್ಯಾಕ್ಟರ್ ಟ್ರೈಲರ್ ಕಟ್ಟೋದು ಅವರ ಕಸುಬು. ನಾನು ಪಾಲಿಟೆಕ್ನಿಕ್‌ನಲ್ಲಿ ಮೆಷಿನ್ ಡ್ರಾಯಿಂಗ್ ಪಾಠ ಮಾಡುವವಳು. ಅವರಿಗೆ ಡ್ರಾಯಿಂಗ್ ಅಂದರೆ ಅಷ್ಟಕ್ಕಷ್ಟೆ. ನನಗೆ ವೆಲ್ಡಿಂಗ್ ಅಷ್ಟಕ್ಕಷ್ಟೆ. ಹಾಗಾಗಿ ಜೋಡಿ ಚೆನ್ನಾಗಿದೆ.

ಹಾಟ್ ರಾಡ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1930ರ ದಶಕದ ಹುಡುಗರು ಹಳೇ ಫೋರ್ಡ್ ಕಾರುಗಳನ್ನು ಅಗ್ಗಕ್ಕೆ ಕೊಳ್ಳುತ್ತಿದ್ದರು. ಮಡ್‌ಗಾರ್ಡ್, ಬಂಪರ್ ಎಲ್ಲ ಕಿತ್ತು ಭಾರ ಇಳಿಸುತ್ತಿದ್ದರು. ಮ್ಯುರಾಕ್, ಎಲ್ ಮಿರಾಜ್ ಅನ್ನುವ ಒಣಗಿದ ಕೆರೆಯಂಗಳಗಳಲ್ಲಿ ಮೈ ಮರೆತು ಓಡಿಸುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪನಿ 221 ಕ್ಯೂಬಿಕ್ ಇಂಚಿನ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್) ಇಂಜಿನ್ನನ್ನು ಸಾಮಾನ್ಯರ ಕಾರಿಗೆ ಹಾಕಿತು. 65 ಕುದುರೆ ಬಲ. ಇವತ್ತಿನ ಲೆಕ್ಕದಲ್ಲಿ ಏನೂ ಅಲ್ಲ, ಆಗ ಅದು ಹುಚ್ಚು ಹಿಡಿಸುವಷ್ಟು. ಆ ಗಾಡಿಗಳ ಇಂಜಿನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಕಣ್ಣು ಮಾತ್ರ ಯಾವಾಗಲೂ ಅವುಗಳ ಮುಂದಿನ ಆಕ್ಸಲ್ ಮೇಲೆ. ಮಡ್‌ಗಾರ್ಡ್ ಇಲ್ಲದ್ದರಿಂದ ಸ್ಪ್ರಿಂಗು, ರಾಡು, ಮುಂದಿನ ಚಕ್ರ ಎಡಬಲ ತಿರುಗುವ ಗೂಟವಾದ ಕಿಂಗ್ ಪಿನ್ನು ಎಲ್ಲ ಬಯಲಲ್ಲೇ ಇರುತ್ತೆ. ಆ ಗಾಡಿಯ ಮುಖವೇ ಅದು.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಇದು ರಸ್ತೆಗೆ ಇಳಿಯುವ ಗಾಡಿ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಹೇಳಿದ ಮತ್ತು ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಚಾಸಿಯನ್ನೇ ಹೊಸದಾಗಿ ಕಟ್ಟಿ, ಹಳೇ ಜೀಪಿನ ಆರ್‌ಸಿ ತೋರಿಸಿ ಓಡಾಡೋದು ತಪ್ಪು. ಸಿಕ್ಕಿಬಿದ್ದರೆ ಇನ್ಶೂರೆನ್ಸ್ ಕೂಡ ಕೈ ಎತ್ತುತ್ತೆ. ಪಾಂಡವಪುರದ ಕಡೆ ನಮ್ಮ ತೋಟ ಇದೆ. ಒಳಗೆ ಮಣ್ಣಿನ ದಾರಿ ಇದೆ. ಗಾಡಿ ಓಡೋದು ಅಲ್ಲಿ. ಬೇರೆ ಕಡೆ ಹೋಗಬೇಕಾದರೆ ಚಿಕ್ಕಪ್ಪನ ಟ್ರೈಲರ್ ಮೇಲೆ ಹೋಗುತ್ತೆ. ಸುಮ್ನೆ ಮಾತಿಗೆ ಹೇಳಿದ್ದಲ್ಲ ಇದು. ಚಾಸಿ ನೆಲದಿಂದ ಎಷ್ಟು ಎತ್ತರ ಇರಬೇಕು ಅನ್ನೋದನ್ನು ಈ ಟ್ರೈಲರೇ ತೀರ್ಮಾನ ಮಾಡಿತು. ಅದಕ್ಕೆ ಆಮೇಲೆ ಬರುತ್ತೇನೆ.

ಕೈಯಲ್ಲಿರುವ ಸಾಮಾನು ಇಷ್ಟು. ಅಂಬಾಸಿಡರ್ 1800 ಐಎಸ್‌ಝಡ್ ಗಾಡಿಯ 1817 ಸಿಸಿ ಇಸುಜು ಪೆಟ್ರೋಲ್ ಇಂಜಿನ್, ಅದರದ್ದೇ ಐದು ಗೇರಿನ ಬಾಕ್ಸ್. ಗುಜರಿಗೆ ಬಂದ ಹಳೇ ಜೀಪಿನ ಹಿಂದಿನ ಆಕ್ಸಲ್. ಮುಂದಕ್ಕೆ ಟು ವೀಲ್ ಡ್ರೈವ್ ಜೀಪಿನ ಡೆಡ್ ಆಕ್ಸಲ್, ಅಂದರೆ ಒಳಗೆ ಗೇರು, ಶಾಫ್ಟು ಏನೂ ಇಲ್ಲದ ಬರೀ ಕಬ್ಬಿಣದ ತೊಲೆ. ಬಾಡಿಯನ್ನು ಮೇಲ್ಚಾವಣಿ ಇಲ್ಲದ ಹಳೇ ಕಾರಾದ ಫೋರ್ಡ್ ಮಾಡೆಲ್ ಎ ರೋಡ್‌ಸ್ಟರ್ ರೂಪದಲ್ಲಿ ತಗಡಿನಲ್ಲಿ ಬಡಿಸುತ್ತೇನೆ. ನಿಜವಾದ ಮಾಡೆಲ್ ಎ ಸಿಕ್ಕಿದರೂ ನಾನು ಗರಗಸ ಮುಟ್ಟಿಸುತ್ತಿರಲಿಲ್ಲ. ನಮ್ಮ ದೇಶದಲ್ಲಿ ಉಳಿದಿರೋದೇ ಕಡಿಮೆ, ಇರೋದು ಇದ್ದ ಹಾಗೇ ಇರಲಿ.

ಜೀಪಿನ ಆಕ್ಸಲ್ಲೇ ಯಾಕೆ ಅಂದರೆ ಒಂದು ಸಣ್ಣ ಸಂತೋಷ ಇದೆ. ಜೀಪಿನ ಚಕ್ರಕ್ಕೆ ಐದು ಬೋಲ್ಟು. ಅವು ಕೂರುವ ವೃತ್ತ ಐದೂವರೆ ಇಂಚು, ಅಂದರೆ 139.7 ಮಿ.ಮೀ. 1928ರಿಂದ 1948ರವರೆಗಿನ ಫೋರ್ಡ್ ಕಾರುಗಳಿಗೂ ಅದೇ ಅಳತೆ. ಅಸಲಿ ಹಾಟ್ ರಾಡ್‌ನ ಚಕ್ರ ಯಾವತ್ತಾದರೂ ಕೈಗೆ ಬಂದರೆ ನಮ್ಮ ಹಬ್ಬಿಗೆ ನೇರವಾಗಿ ಕೂರುತ್ತೆ. ತೊಂದರೆಯೂ ಇದೆ. ಹಳೇ ಜೀಪಿನ ಎರಡು ಚಕ್ರಗಳ ನಡುವಿನ ಟ್ರ್ಯಾಕ್ 48 ಇಂಚು ಚಿಲ್ಲರೆ. ಮಾಡೆಲ್ ಎದು 56 ಇಂಚು. ಬಾಡಿಯ ಅಗಲವನ್ನು ಹಾಗೇ ಬಿಟ್ಟರೆ ಚಕ್ರ ಒಳಗೆ ಸೇರಿಕೊಂಡು ಗಾಡಿ ಬಡಕಲು ಕಾಣುತ್ತೆ. ಆಕ್ಸಲ್ ಕತ್ತರಿಸಿ ಅಗಲ ಮಾಡೋ ಕೆಲಸ ಮೊದಲ ಗಾಡಿಗೆ ಬೇಡ. ಅದಕ್ಕೆ ಬಾಡಿಯನ್ನೇ ಕಿರಿದು ಮಾಡಿದ್ದೇನೆ. ಇಬ್ಬರು ಭುಜ ತಾಗಿಸಿ ಕೂರಬೇಕು, ಅಷ್ಟೆ.

ಈಗ ಯೋಜನೆಗೆ ಬರೋಣ. ಹೊಸಬರು ಚಾಸಿಯ ಚಿತ್ರ ಮೊದಲು ಬರೆಯುತ್ತಾರೆ. ಎರಡು ಉದ್ದದ ಪಟ್ಟಿ, ನಡುವೆ ನಾಲ್ಕು ಅಡ್ಡಪಟ್ಟಿ, ಆಮೇಲೆ ಅದಕ್ಕೆ ಸ್ಪ್ರಿಂಗ್ ಎಲ್ಲಿ ತಗುಲಿಸೋಣ ಅಂತ ಹುಡುಕಾಟ. ನನ್ನ ಪ್ರಕಾರ ಇದು ಪೂರ್ತಿ ಹಿಂದುಮುಂದು. ನಾಲ್ಕು ಚಕ್ರ ನೆಲದ ಮೇಲೆ ಎಲ್ಲಿ ನಿಲ್ಲುತ್ತೆ, ಗಾಡಿ ತನ್ನ ಪೂರ್ತಿ ಭಾರ ಹೊತ್ತಾಗ ಆಕ್ಸಲ್ ಎಷ್ಟು ಎತ್ತರದಲ್ಲಿರುತ್ತೆ, ಗುಂಡಿಗೆ ಬಿದ್ದಾಗ ಎಲ್ಲಿವರೆಗೆ ಮೇಲೆ ಬರುತ್ತೆ, ಇವು ಮೊದಲು. ಇಂಜಿನ್ನು, ಡ್ರೈವರ್ ಕಾಲು, ಪೆಟ್ರೋಲ್ ಟ್ಯಾಂಕು ಆಮೇಲೆ. ಇವೆಲ್ಲ ತಮ್ಮ ತಮ್ಮ ಜಾಗ ಹಿಡಿದ ಮೇಲೆ ಉಳಿದ ಖಾಲಿ ಜಾಗದಲ್ಲಿ ಹಾದುಹೋಗುವ ಕಬ್ಬಿಣವೇ ಚಾಸಿ. ಅದು ಎಲ್ಲದಕ್ಕಿಂತ ಕೊನೆಗೆ.

ಹಾಗಾಗಿ ಶೆಡ್ಡಿನ ಸಿಮೆಂಟ್ ನೆಲದ ಮೇಲೆ ಪೂರ್ತಿ ಅಳತೆಯಲ್ಲೇ ಗೆರೆ ಹಾಕಿದೆ. ನೂಲು ಎಳೆದು ನಡುಗೆರೆ. ಅದಕ್ಕೆ ಮೂಲೆಮಟ್ಟ ಹಿಡಿದು ಮುಂದಿನ ಆಕ್ಸಲ್ ಗೆರೆ. ಅಲ್ಲಿಂದ 2630 ಮಿ.ಮೀ. ಹಿಂದಕ್ಕೆ ಇನ್ನೊಂದು ಆಕ್ಸಲ್ ಗೆರೆ. ಮಾಡೆಲ್ ಎ ವೀಲ್‌ಬೇಸ್ ನೂರಾಮೂರೂವರೆ ಇಂಚು, ಅದರ ಲೆಕ್ಕವೇ ಇದು. ಮೂಲೆಯಿಂದ ಮೂಲೆಗೆ ಕರ್ಣ ಅಳೆದರೆ ಎರಡೂ ಒಂದೇ ಬರಬೇಕು. ಗೋಡೆಯ ಮೇಲೆ ಪಕ್ಕದ ನೋಟ. ನೆಲ ಸಮ ಇಲ್ಲದ್ದರಿಂದ ಗಾರೆಯವರ ನೀರಿನ ಟ್ಯೂಬಿನಲ್ಲಿ ಮಟ್ಟ ತೆಗೆದು ಗೋಡೆ ಮೇಲೆ ಸೊನ್ನೆ ಗೆರೆ ಎಳೆದೆ. ಇನ್ನು ಮುಂದಿನ ಎಲ್ಲ ಅಳತೆಯೂ ಆ ಗೆರೆಯಿಂದ.

ಟೈರಿನ ವಿಚಾರದಲ್ಲಿ ಒಂದು ಮಾತು. ಮುಂದೆ 6.00-16, ಹಿಂದೆ 7.50-16. ಮುಂದೆ ಚಿಕ್ಕದು, ಹಿಂದೆ ದೊಡ್ಡದು ಇದ್ದರೇನೇ ಆ ಮುಗ್ಗರಿಸಿದ ನೋಟ ಬರೋದು. ಕ್ಯಾಟಲಾಗಿನ ವ್ಯಾಸವನ್ನು ಅರ್ಧ ಮಾಡಿ ಆಕ್ಸಲ್ ಎತ್ತರ ಅಂದುಕೊಳ್ಳಬಾರದು. ಭಾರ ಬಿದ್ದಾಗ ಟೈರ್ ಕೆಳಗೆ ಚಪ್ಪಟೆ ಆಗುತ್ತೆ. ಗಾಳಿ ತುಂಬಿಸಿ, ಭಾರ ಹೊರಿಸಿ, ನೆಲದಿಂದ ಹಬ್ಬಿನ ನಡುವಿಗೆ ಅಳೆಯಬೇಕು. ನನಗೆ ಮುಂದೆ 345, ಹಿಂದೆ 385 ಮಿ.ಮೀ. ಬಂತು.

ಇನ್ನು ಚಾಸಿ ನೆಲದಿಂದ ಎಷ್ಟು ಮೇಲಿರಬೇಕು? ಹಾಟ್ ರಾಡ್‌ನವರು ಹೊಟ್ಟೆ ನೆಲಕ್ಕೆ ತಾಗೋ ಹಾಗೆ ಇಳಿಸುತ್ತಾರೆ. ಅದರಲ್ಲೂ ಒಂದು ಕಟ್ಟುಪಾಡು ಇದೆ. ಟೈರ್ ಪಂಕ್ಚರ್ ಆಗಿ ಗಾಡಿ ಬರೀ ರಿಮ್ ಮೇಲೆ ನಿಂತರೂ ಚಾಸಿ, ಸ್ಟೇರಿಂಗ್, ಬ್ರೇಕ್ ಪೈಪು ಯಾವುದೂ ನೆಲ ಕೆರೆಯಬಾರದು. ಒಂದು ಕಡೆಯ ರಿಮ್ಮಿನ ತಳದಿಂದ ಎದುರು ಕಡೆಯ ಟೈರಿನ ತಳಕ್ಕೆ ಗೆರೆ ಎಳೆದರೆ ಆ ಗೆರೆಯ ಕೆಳಗೆ ಏನೂ ಇಳಿಯಬಾರದು. ಇದು ಕನಿಷ್ಠ. ನಮಗೆ ಅದಕ್ಕಿಂತ ಮೊದಲು ಅಡ್ಡ ಬರೋದು ಟ್ರೈಲರ್ ಹತ್ತಿಸೋ ಹಲಗೆ. ವೀಲ್‌ಬೇಸ್ 2630, ನಡುಹೊಟ್ಟೆಯ ಎತ್ತರ 150 ಇಟ್ಟರೆ ಸುಮಾರು 13 ಡಿಗ್ರಿ ಏಣನ್ನು ಮಾತ್ರ ಗಾಡಿ ದಾಟುತ್ತೆ. ಟ್ರೈಲರ್ ಹಾಸು ಒಂದು ಮೀಟರ್ ಎತ್ತರ ಇದ್ದರೆ ಹಲಗೆ ನಾಲ್ಕೂವರೆ ಮೀಟರ್ ಉದ್ದ ಬೇಕು. ಲೆಕ್ಕ ತೋರಿಸಿದೆ. ಚಿಕ್ಕಪ್ಪ ನಕ್ಕರು. "ಹಲಗೆ ಯಾಕವ್ವ? ಗದ್ದೆ ಬದಕ್ಕೆ ಟ್ರೈಲರ್ ಹಿಂದಕ್ಕೆ ಒತ್ತಿ ನಿಲ್ಸು. ಹಾಸೂ ಬದವೂ ಒಂದೇ ಮಟ್ಟ ಆಯ್ತದೆ. ಎಮ್ಮೆ ಹತ್ತಿಸೋದು ಹಂಗೇ ಅಲ್ವಾ?" ಸರಿ, 150 ಉಳಿಯಿತು.

ಚಾಸಿಯ ಕಬ್ಬಿಣದ ವಿಚಾರಕ್ಕೆ ನಮ್ಮಿಬ್ಬರಿಗೂ ಜಾಸ್ತಿ ವಾದ ಆಯ್ತು. ಟ್ರೈಲರ್‌ನವರು ಬಳಸೋದು ಚಾನೆಲ್. ಮೂರು ಕಡೆ ಗೋಡೆ, ಒಂದು ಕಡೆ ಬಾಯಿ ತೆರೆದಿರುತ್ತೆ. ನನಗೆ ಬೇಕಾಗಿದ್ದು 100 x 50 x 4 ಮಿ.ಮೀ. ಆಯತದ ಟ್ಯೂಬು. ತೂಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. 100ರ ಚಾನೆಲ್ ಮೀಟರಿಗೆ ಒಂಬತ್ತು ಕೆ.ಜಿ. ಮೇಲೆ ತೂಗುತ್ತೆ, ಟ್ಯೂಬು ಎಂಟೂವರೆ ಕೆ.ಜಿ. ಚಿಲ್ಲರೆ. ಬಗ್ಗೋದರಲ್ಲಿ ಚಾನೆಲ್ಲೇ ಸ್ವಲ್ಪ ಗಟ್ಟಿ. ತಿರುಚೋದರಲ್ಲಿ ಮಾತ್ರ ಆಕಾಶಕ್ಕೂ ಭೂಮಿಗೂ ಇರುವಷ್ಟು ದೂರ. ಲೆಕ್ಕ ಹಾಕಿದರೆ ಮುಚ್ಚಿದ ಟ್ಯೂಬು ತೆರೆದ ಚಾನೆಲ್‌ಗಿಂತ ಸುಮಾರು 60 ಪಟ್ಟು ಗಟ್ಟಿ.

ಇದನ್ನು ನಂಬಿಸೋದಕ್ಕೆ ಕ್ಲಾಸಿನಲ್ಲಿ ಮಾಡುವ ಆಟವನ್ನೇ ಮಾಡಿದೆ. ಒಂದು ಡ್ರಾಯಿಂಗ್ ಶೀಟ್ ಸುತ್ತಿ ಕೊಳವೆ ಮಾಡಿ ಅವರ ಕೈಗೆ ಕೊಟ್ಟೆ. ತಿರುಚಿದರು, ಅಂಚು ಅಂಚಿಗೆ ಜಾರಿ ಸಲೀಸಾಗಿ ತಿರುಗಿತು. ಅದೇ ಶೀಟಿನ ಅಂಚಿಗೆ ಉದ್ದಕ್ಕೂ ಟೇಪ್ ಹಚ್ಚಿ ಮತ್ತೆ ಕೊಟ್ಟೆ. ಅಲ್ಲಾಡಲಿಲ್ಲ. ಅವರು ಅದನ್ನು ಒಂದು ಕಣ್ಣಿಗೆ ಹಿಡಿದು ಒಳಗೆ ನೋಡಿದರು, ಏನೋ ಬಚ್ಚಿಟ್ಟಿದ್ದೇನೆ ಅನ್ನುವ ಹಾಗೆ. ಆಮೇಲೆ ಹೇಳಿದರು, "ಲಾರಿ ಚಾಸಿ ತಿರುಚ್ಕಬೇಕು ಕಣವ್ವ. ತಿರುಚ್ಕಂಡೇ ಗುಂಡಿ ದಾಟೋದು. ಗಟ್ಟಿ ಮಾಡಿದ್ರೆ ಸೀಳೋಯ್ತದೆ."

ಅವರ ಮಾತು ಅವರ ಗಾಡಿಗೆ ನೂರಕ್ಕೆ ನೂರು ಸರಿ. ಲಾರಿ, ಟ್ರೈಲರ್ ಸ್ಪ್ರಿಂಗು ಟನ್‌ಗಟ್ಟಲೆ ಭಾರಕ್ಕೆ ಮಾಡಿದ್ದು, ಖಾಲಿ ಇದ್ದಾಗ ಅದು ಕುಗ್ಗೋದೇ ಇಲ್ಲ. ಒಂದು ಚಕ್ರ ಗುಂಡಿಗೆ ಇಳಿದರೆ ಚಾಸಿಯೇ ತಿರುಚಿಕೊಂಡು ಆ ಚಕ್ರವನ್ನು ನೆಲಕ್ಕೆ ತಾಗಿಸಬೇಕು. ಚಿಕ್ಕ ಗಾಡಿಯಲ್ಲಿ ಆ ಕೆಲಸ ಸ್ಪ್ರಿಂಗಿನದು. ಚಾಸಿಯೂ ತಿರುಚಿದರೆ ಅದು ಲೆಕ್ಕಕ್ಕೆ ಸಿಗದ ಐದನೇ ಸ್ಪ್ರಿಂಗ್ ಆಗುತ್ತೆ. ಶಾಕ್ ಅಬ್ಸಾರ್ಬರ್‌ಗೂ ಅದು ಬಗ್ಗೋದಿಲ್ಲ. ಬಾಗಿಲು ಹೊಂದಲ್ಲ, ತಗಡು ಬಿರುಕು ಬಿಡುತ್ತೆ. ಫೋರ್ಡ್ ಹಳೇ ಚಾಸಿಗಳೂ ತೆರೆದ ಚಾನೆಲ್‌ಗಳೇ. ಜೋರು ಇಂಜಿನ್ ಇಟ್ಟವರು ಮೊದಲು ಮಾಡುತ್ತಿದ್ದದ್ದು ಆ ಬಾಯಿಗೆ ಉದ್ದಕ್ಕೂ ಪಟ್ಟಿ ಬೆಸೆದು ಮುಚ್ಚುವ ಕೆಲಸ. 1933ರ ಫೋರ್ಡಿಗೆ ಕಂಪನಿಯೇ ನಡುವೆ ಎಕ್ಸ್ ಆಕಾರದ ಅಡ್ಡಪಟ್ಟಿ ಕೊಟ್ಟಿತು. ನಾನೂ ಸೀಟಿನ ಕೆಳಗೆ ಒಂದು ಎಕ್ಸ್ ಹಾಕುತ್ತಿದ್ದೇನೆ. ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲರ್ ಶಾಫ್ಟ್ ಅದರ ನಡುವಿನ ಬಳೆಯೊಳಗೆ ಹಾದುಹೋಗುತ್ತೆ. ಶಾಫ್ಟಿನ ಕ್ರಾಸ್ (ತುದಿಯ ಕೀಲು) ಮುರಿದರೂ ಅದು ಕಾಲ ಬುಡದಲ್ಲಿ ಬೀಸಾಡೋದಿಲ್ಲ.

ಟ್ಯೂಬಿಗೆ ಚಿಕ್ಕಪ್ಪ ಒಪ್ಪಿದರು. ತಮ್ಮ ಷರತ್ತುಗಳನ್ನೂ ಇಟ್ಟರು, ಅವು ಯಾವ ಪುಸ್ತಕಕ್ಕೂ ಕಮ್ಮಿ ಇಲ್ಲ. ಉದ್ದದ ಪಟ್ಟಿಯ ಮೇಲ್ಮೈ, ತಳಮೈಗೆ ಅಡ್ಡಡ್ಡ ವೆಲ್ಡಿಂಗ್ ಗೆರೆ ಎಳೆಯಬಾರದು. ಅಲ್ಲೇ ಬಿರುಕು ಶುರುವಾಗೋದು. ಜೋಡಣೆ ಬಂದಲ್ಲಿ ವಜ್ರದಾಕಾರದ ಪ್ಲೇಟ್ ಕತ್ತರಿಸಿ ಓರೆಯಾಗಿ ಬೆಸೆಯಬೇಕು. ಹಿಂದಿನ ಆಕ್ಸಲ್ ಮೇಲೆ ಚಾಸಿ ಎತ್ತರಿಸುವ ಝಡ್ ತಿರುವಿನಲ್ಲಿ ಒಳಮೂಲೆಗೆ ಮೂರುಮೂಲೆ ತುಂಡು ಕೊಡಬೇಕು. ಟ್ಯೂಬಿನ ತುದಿ ಪೂರ್ತಿ ಮುಚ್ಚಬೇಕು. ಒಳಗೆ ನೀರು ಸೇರಿದರೆ ಹೊರಗೆ ಬಣ್ಣ ಫಳಫಳ ಅಂತಿರುವಾಗಲೇ ಒಳಗಿಂದ ತಿಂದುಹಾಕುತ್ತೆ. ಇನ್ನೊಂದು, ಒಂದು ಪಕ್ಕ ಪೂರ್ತಿ ಬೆಸೆದು ಇನ್ನೊಂದು ಪಕ್ಕಕ್ಕೆ ಹೋಗಬಾರದು. ಎಡಕ್ಕೊಂದು ತುಂಡು, ಬಲಕ್ಕೊಂದು ತುಂಡು. ಇಲ್ಲದಿದ್ದರೆ ಕಾವಿಗೆ ಚಾಸಿ ಬಾಳೆಕಾಯಿ ಆಗಿ ಏಳುತ್ತೆ.

ಹಿಂದಿನ ಸಸ್ಪೆನ್ಷನ್ನಿಗೆ ಸಾದಾ ಉದ್ದದ ಲೀಫ್ ಸ್ಪ್ರಿಂಗ್ ಜೋಡಿ, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ನಾಲ್ಕು ಲಿಂಕು, ಕಾಯಿಲ್ ಓವರ್ ಶಾಕು ಅಂತೆಲ್ಲ ಚಿತ್ರ ನೋಡುವಾಗ ಆಸೆ ಆಗುತ್ತೆ ನಿಜ. ಆದರೆ ಲೀಫ್ ಸ್ಪ್ರಿಂಗ್ ಬರೀ ಭಾರ ಹೊರೋದಿಲ್ಲ. ಆಕ್ಸಲ್ಲನ್ನು ಹಿಂದೆಮುಂದೆ ಹೋಗದ ಹಾಗೆ, ಪಕ್ಕಕ್ಕೆ ಸರಿಯದ ಹಾಗೆ, ಉರುಳದ ಹಾಗೆ ಹಿಡಿಯೋದೂ ಅದೇ. ಲಿಂಕು ಹಾಕಿದರೆ ಈ ಒಂದೊಂದು ಕೆಲಸಕ್ಕೂ ಒಂದೊಂದು ರಾಡು, ಅದಕ್ಕೆ ಬುಷ್ಷು, ಅದಕ್ಕೆ ಬ್ರಾಕೆಟ್ಟು. ಮೊದಲ ಗಾಡಿಯಲ್ಲಿ ಭಾಗಗಳು ಕಮ್ಮಿ ಇದ್ದಷ್ಟೂ ಒಳ್ಳೆಯದು.

ಆದರೆ ಜೀಪಿನ ಸ್ಪ್ರಿಂಗ್ ಇದ್ದ ಹಾಗೇ ಹಾಕಿದರೆ ಬೆನ್ನು ಮುರಿಯುತ್ತೆ. ಅದು ಹತ್ತು ಜನ, ಜೊತೆಗೆ ಗೊಬ್ಬರದ ಮೂಟೆ ಹೊತ್ತು ಬೆಳೆದದ್ದು. ಎಷ್ಟು ಗಟ್ಟಿ ಅಂತ ಅಳೆಯೋದಕ್ಕೆ ಲ್ಯಾಬ್ ಬೇಕಾಗಿಲ್ಲ. ಒಂದು ಸ್ಪ್ರಿಂಗನ್ನು ಉಬ್ಬು ಮೇಲೆ ಬರುವ ಹಾಗೆ ಮಗುಚಿದೆವು. ಎರಡು ತುದಿಯ ಕಣ್ಣಿಗೂ ಪೈಪಿನ ತುಂಡು ತೂರಿಸಿ, ಅವು ಉರುಳೋ ಹಾಗೆ ಕೆಳಗೆ ಗ್ರೀಸ್ ಹಚ್ಚಿದ ಪ್ಲೇಟ್ ಇಟ್ಟೆವು. ನಡುವಿಗೆ ದಪ್ಪ ಹಲಗೆ, ಮೂಟೆ ಬೀಳದ ಹಾಗೆ ಸುತ್ತ ನಾಲ್ಕು ಗೂಟ. ಹಲಗೆಯ ಅಂಚಿಗೆ ಸ್ಟೀಲ್ ಸ್ಕೇಲ್ ನಿಲ್ಲಿಸಿದೆ. ಸಿಮೆಂಟ್ ಮೂಟೆ ಒಂದಕ್ಕೆ 50 ಕೆ.ಜಿ. ಮೊದಲ ಮೂಟೆಗೆ ಬ್ಲೇಡ್‌ಗಳ ನಡುವಿನ ತುಕ್ಕು ಹಿಡಿದುಕೊಂಡು ಸ್ಪ್ರಿಂಗ್ ಸುಮ್ನೆ ಕೂತಿತು. ಚಿಕ್ಕಪ್ಪ ಸುತ್ತಿಗೆಯಲ್ಲಿ ಒಂದು ತಟ್ಟಿದರು. ಕಿರ್ ಅಂತ ಇಳಿಯಿತು, ಕೆಂಪು ಪುಡಿ ಉದುರಿತು. ನಾಲ್ಕು ಮೂಟೆ ಏರಿಸಿದಾಗ 55 ಮಿ.ಮೀ. ಕುಗ್ಗಿತ್ತು. ಅಂದರೆ ಒಂದು ಮಿ.ಮೀ.ಗೆ ಸುಮಾರು 3.6 ಕೆ.ಜಿ.

ಲೆಕ್ಕ ಹೀಗೆ. ನಮ್ಮಿಬ್ಬರನ್ನೂ ಸೇರಿಸಿ ಗಾಡಿ 900 ಕೆ.ಜಿ. ಆಗಬಹುದು ಅಂತ ನನ್ನ ಅಂದಾಜು. ಮುಂದೆ 420, ಹಿಂದೆ 480. ಹಿಂದಿನ ಆಕ್ಸಲ್, ಚಕ್ರ, ಬ್ರೇಕ್ ಡ್ರಮ್ಮಿನ 120 ಕೆ.ಜಿ. ಸ್ಪ್ರಿಂಗಿನ ಮೇಲೆ ಬೀಳೋದಿಲ್ಲ. ಉಳಿದ 360 ಕೆ.ಜಿ.ಗೆ ಎರಡು ಸ್ಪ್ರಿಂಗು, ತಲಾ 180. ಅಷ್ಟಕ್ಕೆ ಈ ಸ್ಪ್ರಿಂಗ್ ಕುಗ್ಗೋದು 50 ಮಿ.ಮೀ. ಮಾತ್ರ. ಗಾಡಿ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತೆ ಅನ್ನೋದು ಈ ಕುಗ್ಗುವಿಕೆಯಿಂದಲೇ ಗೊತ್ತಾಗುತ್ತೆ. ಮಿ.ಮೀ. ಲೆಕ್ಕದಲ್ಲಿ ಅದರ ವರ್ಗಮೂಲ ತೆಗೆದು 15.8ನ್ನು ಭಾಗಿಸಿ. 50ಕ್ಕೆ 2.2 ಬಂತು. ಹಾಯಾಗಿ ಹೋಗುವ ಕಾರು ಒಂದರಿಂದ ಒಂದೂವರೆ ಸಲ ಕುಣಿಯುತ್ತೆ. ಎರಡು ದಾಟಿದರೆ ಅದು ಸವಾರಿ ಅಲ್ಲ, ಶಿಕ್ಷೆ.

ದಾರಿ ಸುಲಭ. ಒಂಬತ್ತು ಬ್ಲೇಡಿನಲ್ಲಿ ನಾಲ್ಕು ತೆಗೆದರೆ, ಎಲ್ಲ ಒಂದೇ ದಪ್ಪ ಇರೋದರಿಂದ ಗಟ್ಟಿತನ ಒಂಬತ್ತರಲ್ಲಿ ಐದು ಪಾಲಿಗೆ ಇಳಿಯುತ್ತೆ. ಮಿ.ಮೀ.ಗೆ 2 ಕೆ.ಜಿ. ಈಗ 180 ಕೆ.ಜಿ.ಗೆ 90 ಮಿ.ಮೀ. ಹತ್ತಿರ ಕುಗ್ಗುತ್ತೆ, ಕುಣಿತ 1.7ಕ್ಕೆ ಬರುತ್ತೆ. ಮೆತ್ತಗೆ ಅಲ್ಲ, ಆದರೆ ಮಣ್ಣಿನ ದಾರಿಗೆ ಸಾಕು. ಯಾವ ಬ್ಲೇಡ್ ತೆಗೆಯಬೇಕು ಅನ್ನೋದರಲ್ಲಿದೆ ಕಸುಬು. ಮೇನ್ ಬ್ಲೇಡನ್ನೂ ಅದರ ಕಣ್ಣನ್ನು ಅಪ್ಪಿಕೊಂಡಿರುವ ಎರಡನೆಯದನ್ನೂ ಮುಟ್ಟಬಾರದು. ಉಳಿದದ್ದರಲ್ಲಿ ಒಂದು ಬಿಟ್ಟು ಒಂದು ತೆಗೆದರೆ ಮೆಟ್ಟಿಲು ಹದವಾಗಿ ಉಳಿಯುತ್ತೆ. ಕೆಳಗಿನ ಚಿಕ್ಕವನ್ನು ಮಾತ್ರ ತೆಗೆದರೆ ಭಾರವೆಲ್ಲ ಒಂದೇ ಜಾಗಕ್ಕೆ ಬಿದ್ದು ಅಲ್ಲೇ ಮುರಿಯುತ್ತೆ. ಇನ್ನೂ ಒಂದು ಮಾತು ಚಿಕ್ಕಪ್ಪ ಸೇರಿಸಿದರು. ಬ್ಲೇಡ್ ಕಮ್ಮಿಯಾದರೆ ಆಕ್ಸಲರೇಟರ್ ಜೋರಾಗಿ ಒತ್ತಿದಾಗ ಆಕ್ಸಲ್ ಮೂತಿ ಮೇಲಕ್ಕೆ ತಿರುಗಿ ಸ್ಪ್ರಿಂಗ್ ಎಸ್ ಆಕಾರಕ್ಕೆ ಸೊಟ್ಟ ಆಗುತ್ತೆ. ಅದಕ್ಕೆ ಉಳಿದವುಗಳಲ್ಲಿ ಮೂರನೇ ಬ್ಲೇಡಿನ ಮುಂದಿನ ಅರ್ಧವನ್ನು ಉದ್ದ ಬಿಡಬೇಕಂತೆ. ಬಿಡುತ್ತೇವೆ.

ಮುಂದಿನದ್ದು ಬೇರೆ ಕಥೆ. ಅಲ್ಲೂ ಉದ್ದದ ಸ್ಪ್ರಿಂಗ್ ಜೋಡಿ ಹಾಕಬಹುದಿತ್ತು, ಜೀಪಿನಲ್ಲಿ ಹಾಗೇ ಇದೆ. ಆದರೆ ಸ್ಪ್ರಿಂಗಿನ ತುದಿಗಳು ಆಕ್ಸಲ್‌ಗಿಂತ ಮುಂದಕ್ಕೆ ಚಾಚಿಕೊಂಡು ರೇಡಿಯೇಟರ್ ಮುಂದೆ ಎರಡು ಕೊಂಬು ಬಂದ ಹಾಗಾಗುತ್ತೆ. ಮಡ್‌ಗಾರ್ಡ್ ಇಲ್ಲದ ಗಾಡಿಗೆ ಅದು ಚೆಂದ ಅಲ್ಲ. ಇದೊಂದು ಕಡೆ ನಾನು ನೋಟಕ್ಕೆ ಸೋತಿದ್ದೇನೆ, ಮುಚ್ಚುಮರೆ ಯಾಕೆ. ಹಳೇ ಫೋರ್ಡ್ ತರಹ ಒಂದೇ ಸ್ಪ್ರಿಂಗ್ ಅಡ್ಡಕ್ಕೆ ಮಲಗುತ್ತೆ. ನಡುವಿಗೆ ಚಾಸಿಯ ಅಡ್ಡಪಟ್ಟಿ, ಎರಡು ತುದಿಗೆ ಶ್ಯಾಕಲ್, ಅಂದರೆ ತೂಗಾಡುವ ಕೊಂಡಿ. ಮೈಸೂರಿನ ಬನ್ನಿಮಂಟಪದ ಕಡೆ ಲಾರಿ ಸ್ಪ್ರಿಂಗ್ ಕೆಲಸದವರೊಬ್ಬರು ಇಎನ್ 45 ಸ್ಪ್ರಿಂಗ್ ಸ್ಟೀಲಿನಲ್ಲಿ ಮಾಡಿಕೊಡಲು ಒಪ್ಪಿದ್ದಾರೆ. ಅವರು ಕೇಳಿದ್ದು ಮೂರೇ ಮಾತು. ಕಣ್ಣಿಂದ ಕಣ್ಣಿಗೆ ಎಷ್ಟು, ಕಮಾನು ಎಷ್ಟು, ಭಾರ ಎಷ್ಟು. 320 ಕೆ.ಜಿ. ಬಿದ್ದಾಗ 95 ಮಿ.ಮೀ. ಕುಗ್ಗಬೇಕು ಅಂತ ಬರೆದುಕೊಟ್ಟೆ. "ಮೇಡಂ, ಇಂಥ ಚೀಟಿ ಯಾರೂ ತಂದಿರಲಿಲ್ಲ" ಅಂದರು. ಹೊಗಳಿಕೆಯೋ ಬೇಸರವೋ ಗೊತ್ತಾಗಲಿಲ್ಲ.

ಅಡ್ಡ ಸ್ಪ್ರಿಂಗಿಗೆ ಆಕ್ಸಲ್ಲನ್ನು ಹಿಡಿಯೋ ಶಕ್ತಿ ಇಲ್ಲ. ಬ್ರೇಕ್ ಹಾಕಿದರೆ ಆಕ್ಸಲ್ ಹಿಂದಕ್ಕೆ ಮಡಚಿಕೊಳ್ಳುತ್ತೆ. ಅದಕ್ಕೆ ಎರಡು ಕಡೆ ರೇಡಿಯಸ್ ರಾಡ್ ಬೇಕು. ಮಾಡೆಲ್ ಎನಲ್ಲಿ ಈ ಎರಡು ರಾಡು ಹಿಂದೆ ಒಂದಾಗಿ ಗೇರ್ ಬಾಕ್ಸ್ ಕೆಳಗೆ ಒಂದೇ ಗುಂಡಿನ ಮೇಲೆ ಕೂರುತ್ತಿತ್ತು. ನಮ್ಮ ಇಸುಜು ಇಂಜಿನ್ನಿನ ಸಂಪು (ತಳದ ಆಯಿಲ್ ತೊಟ್ಟಿ), ಬೆಲ್ ಹೌಸಿಂಗು (ಕ್ಲಚ್ಚಿನ ಕವಚ) ಆ ಜಾಗವನ್ನು ತಿಂದುಬಿಟ್ಟಿವೆ. ಇಂಜಿನ್ ಬದಲಿಸಿದ ಹಳೇ ಹಾಟ್ ರಾಡ್‌ನವರಿಗೂ ಇದೇ ಪಾಡು. ಅವರು ರಾಡನ್ನು ಸೀಳಿ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಚಾಸಿಯ ಪಕ್ಕಕ್ಕೆ ತಗುಲಿಸಿದರು. ಒಂದು ಚಕ್ರ ಮಾತ್ರ ಮೇಲೆ ಎದ್ದಾಗ ಏನಾಗುತ್ತೆ ನೋಡಿ. ಎಡದ ರಾಡು ಆಕ್ಸಲ್ಲನ್ನು ಒಂದು ಕಡೆ ತಿರುಗಿಸುತ್ತೆ, ಬಲದ ರಾಡು ಬಿಡೋದಿಲ್ಲ. ಆಕ್ಸಲ್ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳಲೇಬೇಕು.

ಇಲ್ಲಿ ಮತ್ತೆ ಅದೇ ಡ್ರಾಯಿಂಗ್ ಶೀಟಿನ ಲೆಕ್ಕ ಬರುತ್ತೆ, ಈ ಸಲ ಉಲ್ಟಾ. ನಮ್ಮ ಡೆಡ್ ಆಕ್ಸಲ್ ಐ ಆಕಾರದ್ದು, ಎಲ್ಲೂ ಮುಚ್ಚಿದ ಕೊಳವೆ ಇಲ್ಲ. ಆದ್ದರಿಂದ ಸ್ವಲ್ಪ ತಿರುಚು ತಡೆದುಕೊಳ್ಳುತ್ತೆ. ಅದೇ ಜಾಗಕ್ಕೆ ಪೈಪಿನ ಆಕ್ಸಲ್ ಹಾಕಿ ಇಂಥ ರಾಡು ಕೊಟ್ಟರೆ ಆಕ್ಸಲ್ ಬಗ್ಗಲ್ಲ, ಬ್ರಾಕೆಟ್ ಕಿತ್ತುಬರುತ್ತೆ. ಪೈಪಿನ ಆಕ್ಸಲ್ ಇರುವವರು ಪ್ರತಿ ಪಕ್ಕಕ್ಕೆ ಎರಡೆರಡು ಸಮಾನಾಂತರ ರಾಡು, ಒಟ್ಟು ನಾಲ್ಕು ಹಾಕಬೇಕು. ಆಗ ಆಕ್ಸಲ್ ತಿರುಚದೆ ಮೇಲೆ ಕೆಳಗೆ ಆಡುತ್ತೆ. ಚಾಸಿಯಲ್ಲಿ ಬೇಡ ಅಂತ ವಾದ ಮಾಡಿದ ತಿರುಚನ್ನೇ ಆಕ್ಸಲ್‌ನಲ್ಲಿ ಬೇಕು ಅಂತ ಕೇಳುತ್ತಿದ್ದೇನೆ ಅಂತ ಚಿಕ್ಕಪ್ಪ ಟೀ ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ.

ಈ ಆಕ್ಸಲ್‌ಗೆ ವೆಲ್ಡಿಂಗ್ ಕಿಡಿ ಕೂಡ ತಾಗಿಸೋದಿಲ್ಲ. ಅದು ಫೋರ್ಜ್ ಮಾಡಿದ ಉಕ್ಕು. ಬೆಸುಗೆಯ ಪಕ್ಕದಲ್ಲಿ ಕಾದು ತಣ್ಣಗಾದ ಜಾಗ ಗಾಜಿನಂತೆ ಆಗಿ, ಮುಂದೊಂದು ದಿನ ಹೇಳದೆ ಕೇಳದೆ ಮುರಿಯುತ್ತೆ. ಶ್ಯಾಕಲ್ ಕೂರೋ ಬ್ರಾಕೆಟ್, ರೇಡಿಯಸ್ ರಾಡ್ ಬ್ರಾಕೆಟ್ ಎರಡನ್ನೂ ಹಳೇ ಸ್ಪ್ರಿಂಗ್ ಪ್ಯಾಡಿನ ಮೇಲೆ ಯು ಬೋಲ್ಟ್ ಹಾಕಿ ಬಿಗಿಯುತ್ತೇವೆ. ಪ್ಯಾಡುಗಳು ತೀರ ಒಳಗಿವೆ. ಅದಕ್ಕೆ ಶ್ಯಾಕಲ್ ಬ್ರಾಕೆಟ್ ಕಿಂಗ್ ಪಿನ್ ಕಡೆಗೆ ಚಾಚಿಕೊಂಡು ಹೋಗಿ ಅಲ್ಲಿ ಇನ್ನೊಂದು ಯು ಬೋಲ್ಟ್ ಹಿಡಿಯುತ್ತೆ.

ಕ್ಯಾಸ್ಟರ್ 6 ಡಿಗ್ರಿ ಇಡುತ್ತೇನೆ, ಅಂದರೆ ಕಿಂಗ್ ಪಿನ್ನಿನ ತಲೆ ಹಿಂದಕ್ಕೆ ಅಷ್ಟು ವಾಲಿರುತ್ತೆ. ಹಳೇ ಜೀಪಿಗೆ 3 ಡಿಗ್ರಿ ಇತ್ತು. ಜಾಸ್ತಿ ಕೊಟ್ಟರೆ ಸ್ಟೇರಿಂಗ್ ಸ್ವಲ್ಪ ಭಾರ, ಆದರೆ ಗಾಡಿ ನೇರ ಓಡುತ್ತೆ. ಒಂದು ಎಚ್ಚರ ಬೇಕು. ಹಿಂದೆ ದೊಡ್ಡ ಟೈರು ಹಾಕಿ ಗಾಡಿ ಮುಗ್ಗರಿಸಿದ ಹಾಗೆ ನಿಲ್ಲಿಸಿದರೆ ಆ ವಾಲು ಕ್ಯಾಸ್ಟರಿನಿಂದ ಕಳೆಯುತ್ತೆ. ಅದಕ್ಕೆ ಕೋನವನ್ನು ಚಾಸಿಯಿಂದ ಅಳೆಯದೆ ಗೋಡೆಯ ಸೊನ್ನೆ ಗೆರೆಯಿಂದ ಅಳೆಯಬೇಕು. ರಾಡಿನ ತುದಿಗೆ ಥ್ರೆಡ್ ಇಟ್ಟಿದ್ದೇನೆ, ಕೊನೆಗೆ ಒಂದು ಡಿಗ್ರಿ ಆಚೀಚೆ ತಿರುಗಿಸಿಕೊಳ್ಳಬಹುದು.

ಸ್ಟೇರಿಂಗ್ ಜೀಪಿನದ್ದೇ. ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ತೋಳಿಗೆ ಬರುವ ರಾಡು, ಅಂದರೆ ಡ್ರ್ಯಾಗ್ ಲಿಂಕು, ಬಲಗಡೆಯ ರೇಡಿಯಸ್ ರಾಡಿಗೆ ಸಮಾನಾಂತರ ಇರಬೇಕು, ಉದ್ದವೂ ಆದಷ್ಟು ಅಷ್ಟೇ ಇರಬೇಕು. ಎರಡೂ ಒಂದೇ ಕಮಾನಿನಲ್ಲಿ ತೂಗಿದರೆ ಗುಂಡಿಗೆ ಬಿದ್ದಾಗ ಚಕ್ರ ತಾನಾಗಿ ತಿರುಗೋದಿಲ್ಲ. ಗೋಡೆಯ ಮೇಲೆ ಕಂಪಾಸಿನ ಬದಲು ನೂಲು, ಮೊಳೆ ಹಿಡಿದು ಎರಡೂ ಕಮಾನು ಬರೆದು ನೋಡಿದೆ. 75 ಮಿ.ಮೀ. ಏರಿಳಿತಕ್ಕೆ ಎರಡೂ ಗೆರೆ ಹೆಚ್ಚುಕಮ್ಮಿ ಒಂದರ ಮೇಲೊಂದು ಬಂದವು. ಮುಂದಿನ ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈ ರಾಡಿನ ತೋಳುಗಳು 2 ಮೀಟರ್ ವೀಲ್‌ಬೇಸಿನ ಜೀಪಿಗೆ ಮಾಡಿದ್ದು. ನಮ್ಮದು ಉದ್ದ ಇರೋದರಿಂದ ತಿರುವಿನಲ್ಲಿ ಒಳಚಕ್ರ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ತಿರುಗುತ್ತೆ. ತೋಟದ ದಾರಿಗೆ ಪರವಾಗಿಲ್ಲ. ಟೈ ರಾಡನ್ನು ಚೆಂದಕ್ಕೆ ಆಕ್ಸಲ್ ಮುಂದಕ್ಕೆ ತರೋದು ಮಾತ್ರ ಬೇಡ. ತೋಳು ಹಾಗೇ ಇಟ್ಟು ತಂದರೆ ಆ ಲೆಕ್ಕ ತಲೆಕೆಳಗಾಗುತ್ತೆ.

ಹಿಂದಿನ ಆಕ್ಸಲ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಒಳಗಿನ ದೊಡ್ಡ ಗೇರು ಕ್ರೌನ್, ಅದರ ಹಲ್ಲು 43. ಅದನ್ನು ತಿರುಗಿಸುವ ಚಿಕ್ಕ ಗೇರು ಪಿನಿಯನ್, ಅದರ ಹಲ್ಲು 8. ಅಂದರೆ 5.38 ರೇಷಿಯೋ. ನಾಲ್ಕನೇ ಗೇರಿನಲ್ಲಿ ಸಾವಿರ ಆರ್‌ಪಿಎಮ್ಮಿಗೆ ಗಂಟೆಗೆ 27 ಕಿ.ಮೀ. ಹೋದರೆ ಹೆಚ್ಚು. ಹೆದ್ದಾರಿಗೆ ಕೆಲಸಕ್ಕೆ ಬಾರದ್ದು, ನಮ್ಮ ದಾರಿಗೆ ಅದೇ ಮಜಾ. ಈ ಹಳೇ ಜೀಪಿನ ಡಿಫರೆನ್ಷಿಯಲ್, ಅಂದರೆ ಈ ಗೇರುಗಳಿರುವ ಗುಂಡು ಭಾಗ, ನಡುವಲ್ಲಿಲ್ಲ, ಬಲಕ್ಕೆ ಸರಿದಿದೆ. ಹಾಗಂತ ಇಂಜಿನ್ನನ್ನು ಅಷ್ಟೂ ಬಲಕ್ಕೆ ತಳ್ಳಿದರೆ ಡ್ರೈವರ್ ಕಾಲಿಗೆ ಜಾಗ ಇಲ್ಲ. ಇಂಜಿನ್ನಿನ ನಡುಗೆರೆಯೂ ಪಿನಿಯನ್ನಿನ ಗೆರೆಯೂ ಪಕ್ಕದಿಂದಲೂ ಮೇಲಿಂದಲೂ ಸಮಾನಾಂತರ ಇದ್ದರೆ ಸಾಕು. ನಡುವಿನ ಶಾಫ್ಟ್ ಓರೆ ಇದ್ದರೂ ಒಂದು ಕ್ರಾಸಿನ ಅದುರು ಇನ್ನೊಂದು ಕ್ರಾಸಿನಲ್ಲಿ ಕಳೆದುಹೋಗುತ್ತೆ. ಇಂಜಿನ್ ಹಿಂದಕ್ಕೆ 3 ಡಿಗ್ರಿ ಇಳಿಜಾರು, ಪಿನಿಯನ್ ಮೂತಿ 3 ಡಿಗ್ರಿ ಮೇಲಕ್ಕೆ.

ಟ್ಯೂಬಿಗೆ ಆರ್ಡರ್ ಕೊಟ್ಟಾಗಿದೆ. ಒಂದು ಕಡೆ ಇನ್ನೂ ನಮ್ಮ ರಾಜಿ ಆಗಿಲ್ಲ. ಮುಂದೆ ಎರಡು ತುದಿಗೂ ಶ್ಯಾಕಲ್ ಇರೋದರಿಂದ ಆಕ್ಸಲ್ ಎಡಬಲ ತೂಗಾಡುತ್ತೆ, ಅದನ್ನು ಪಕ್ಕಕ್ಕೆ ಸರಿಯದ ಹಾಗೆ ಚಾಸಿಗೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಹಾಕಲೇಬೇಕು ಅಂತ ಚಿಕ್ಕಪ್ಪನ ಹಟ. ಉದ್ದಕ್ಕೆ ಬರುವ ಡ್ರ್ಯಾಗ್ ಲಿಂಕ್ ಇರುವಾಗ ಮಾಡೆಲ್ ಎ ಅದಿಲ್ಲದೇ ಓಡಿತು ಅಂತ ನನ್ನ ವಾದ. ಸದ್ಯಕ್ಕೆ ಚಾಸಿಗೂ ಆಕ್ಸಲ್ ಬ್ರಾಕೆಟ್ಟಿಗೂ ಒಂದೊಂದು ಕಿವಿ ಬಿಟ್ಟಿರೋದು ಅಂತಾಗಿದೆ. ಓಡಿಸಿ ನೋಡಿ ಬೇಕಾದರೆ ರಾಡ್ ತಗುಲಿಸೋದು. ಶಾಕ್ ಅಬ್ಸಾರ್ಬರ್ ಕೂರೋ ಜಾಗ ಬಾಡಿಯ ತಳ ಬಂದ ಮೇಲೇ ಗೊತ್ತಾಗೋದು.

ಮಂಡ್ಯ, ಮೈಸೂರು, ಕೆ.ಆರ್. ಪೇಟೆ ಕಡೆ ಯಾರ ಹತ್ತಿರವಾದರೂ ಟು ವೀಲ್ ಡ್ರೈವ್ ಜೀಪಿನ ಬಲಗಡೆಯ ಸ್ಟೇರಿಂಗ್ ತೋಳು, ಬಿರುಕಿಲ್ಲದ್ದು, ಬೆಸುಗೆ ಹಾಕದ್ದು ಇದ್ದರೆ ತಿಳಿಸಿ. ನಮ್ಮದರ ಟೇಪರ್ ರಂಧ್ರ ಸವೆದು ದೊಡ್ಡದಾಗಿದೆ. ಬುಷ್ ಹಾಕಿ ಸರಿ ಮಾಡಿಕೊಡ್ತೀನಿ ಅಂತ ಲೇತಿನವರು ಹೇಳುತ್ತಿದ್ದಾರೆ, ಸ್ಟೇರಿಂಗ್ ವಿಚಾರದಲ್ಲಿ ನನಗೆ ಅಷ್ಟು ಧೈರ್ಯ ಇಲ್ಲ.